ವೈಸಿಗೆ ಕಟ್ಟಿದ ಪಿಸ್ತೂಲು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗುರಿ ತಪ್ಪಿದವರು ನೆಲದ ತಂಟೆಗೆ ಹೋಗುವುದಿಲ್ಲ, ತಪ್ಪನ್ನು ಗುಂಡಿನ ತಲೆಗೆ ಕಟ್ಟುತ್ತಾರೆ. ಬೇಕಾದರೆ ಒಂದು ಭಾನುವಾರ ಶೂಟಿಂಗ್ ರೇಂಜಿಗೆ ಹೋಗಿ ಕೂತು ನೋಡಿ. ಗಾಳಿ ಸರಿಯಿಲ್ಲ, ಬೆಳಕು ಸರಿಯಿಲ್ಲ, ಟ್ರಿಗರ್ ಬಿಗಿ, ಅದೂ ಮುಗಿದರೆ ಈ ಬ್ಯಾಚಿನ ಗುಂಡೇ ದರಿದ್ರ. ‘ನಂದೇ ತಪ್ಪು’ ಎಂದವನನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ. ಪಾಪ, ಗುಂಡಿಗೆ ಬಾಯಿಲ್ಲವಲ್ಲ.

ಹಲ್ಲಿನ ಡಾಕ್ಟರು ಮಾತ್ರ ಆ ಜಾತಿಯವರಾಗಿರಲಿಲ್ಲ. ಐವತ್ತು ಮೀಟರ್ ದೂರದ ಗುರಿಗೆ ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಹೊಡೆಯುವ ಆಟದಲ್ಲಿ ಅವರ ತಲೆ ಹಣ್ಣಾಗಿತ್ತು. ಹೊಡೆತ ಪಕ್ಕಕ್ಕೆ ಹೋದರೆ ಪಿಸ್ತೂಲು ಕೆಳಗಿಟ್ಟು, ‘ಬೆರಳು ಅವಸರ ಮಾಡ್ತು’ ಎಂದು ನಕ್ಕು ಸುಮ್ಮನಾಗುವ ಮನುಷ್ಯ. ಅಂಥವರು ಈ ವರ್ಷ ಬಾಯಿಬಿಟ್ಟರೆ ಗುಂಡಿನ ಮಾತೇ. ಈ ಬ್ಯಾಚು ಬೇಡ, ಆ ಬ್ಯಾಚು ತರಿಸಿ. ಅದು ಬಂತು, ಅದೂ ಬೇಡ. ಅವರ ಬಾಯಲ್ಲಿ ಈ ರಾಗ ಕೇಳಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ಅವರ ತಂಗಿ.

ತಂಗಿಯದು ಕನ್ನಡಕದ ಅಂಗಡಿ. ರೇಂಜಿನಲ್ಲಿ ಎಲ್ಲರಿಗೂ ಅವಳು ಕನ್ನಡಕದಕ್ಕ, ಅಣ್ಣನಿಗೆ ಮಾತ್ರ ಐವತ್ತು ದಾಟಿದರೂ ಪುಟ್ಟಿ. ಪಿಸ್ತೂಲು ಹಿಡಿಯುವುದನ್ನು ಕಲಿಸಿದವನೂ ಅವನೇ. ಗುರಿ ಚದುರತೊಡಗಿದಾಗ ಅವಳು ಮೊದಲು ಅನುಮಾನಪಟ್ಟಿದ್ದು ಅವನ ಕಣ್ಣನ್ನು. ಅಂಗಡಿಯಲ್ಲಿ ಕೂರಿಸಿ ಅಕ್ಷರ ಓದಿಸಿದಳು. ಅಯ್ಯೋ, ಹದ್ದಿನ ಕಣ್ಣು! ಅವತ್ತು ಅವಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಕಣ್ಣಲ್ಲದಿದ್ದರೆ ಇನ್ನೇನು ಎಂಬ ಪ್ರಶ್ನೆ ಹಾಗೇ ಉಳಿದುಬಿಟ್ಟಿತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅಣ್ಣ ಪಿಸ್ತೂಲಿನ ಪೆಟ್ಟಿಗೆಯ ಜೊತೆಗೆ ಮೂರು ಡಬ್ಬಿಗಳನ್ನು ಅವಳ ಮುಂದಿಟ್ಟ. ಒಂದಕ್ಕೆ ಕೆಂಪು ಪಟ್ಟಿ ಅಂಟಿಸಿತ್ತು, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು.

‘ಒಂದೇ ಕಂಪನಿ, ಮೂರು ಬ್ಯಾಚು. ಯಾವುದು ಯಾವುದು ಅಂತ ಹೇಳಲ್ಲ. ವೈಸಿಗೆ ಕಟ್ಟಿ ಹೊಡೆದು ನೋಡು, ಪುಟ್ಟಿ. ನಂಗೊಬ್ರು ಪೇಷಂಟ್ ಇದಾರೆ, ಮಧ್ಯಾಹ್ನದೊಳಗೆ ಬರ್ತೀನಿ.’

‘ಭಾನುವಾರಾನೂ ಜನರ ಬಾಯಿಗೆ ಕೈ ಹಾಕದಿದ್ರೆ ನಿಂಗೆ ಊಟ ಸೇರಲ್ವಾ?’

ಅವನು ನಕ್ಕ. ಪೆಟ್ಟಿಗೆಯ ಕೊಂಡಿ ಬಿಚ್ಚಲು ಹೋದವನು, ಯಾಕೋ ಏನೋ, ಕೈ ಹಿಂದಕ್ಕೆಳೆದುಕೊಂಡು ಜೇಬಿಗೆ ಸೇರಿಸಿದ. ‘ನೀನೇ ತೆಗೆದುಕೋ’ ಎಂದು ಹೊರಟುಹೋದ.

ವೈಸಿಗೆ ಕಟ್ಟುವುದೆಂದರೆ ಇಷ್ಟೇ. ನೆಲಕ್ಕೆ ಬಿಗಿದ ಸಿಮೆಂಟು ಕಟ್ಟೆಯ ಮೇಲೆ ಕಬ್ಬಿಣದ ವೈಸು. ಅದರ ದವಡೆಗೆ ಚರ್ಮ ಸುತ್ತಿ ಪಿಸ್ತೂಲನ್ನು ಕಚ್ಚಿಸಿ, ತಿರುಪು ಬಿಗಿದು, ಟ್ರಿಗರನ್ನು ಮಾತ್ರ ಬೆರಳಲ್ಲಿ ಎಳೆಯುವುದು. ಮನುಷ್ಯನ ಕೈಗೆ ಅಲ್ಲಿ ಕೆಲಸವಿಲ್ಲ. ಒಂದೊಂದು ಪಿಸ್ತೂಲಿಗೆ ಒಂದೊಂದು ಬ್ಯಾಚು ಒಗ್ಗುತ್ತದೆ; ಒಂದೇ ಕಂಪನಿಯ ಗುಂಡಾದರೂ ಒಂದು ಬ್ಯಾಚು ಒಂದೇ ತೂತಿನಲ್ಲಿ ಹೋದರೆ ಇನ್ನೊಂದು ಹಾಳೆಯ ತುಂಬ ಮೇಯುತ್ತದೆ. ಯಾವುದು ಹೇಗೆಂದು ವೈಸು ಮುಲಾಜಿಲ್ಲದೆ ಹೇಳುತ್ತದೆ.

ಬ್ಯಾಚು ಬದಲಾದಾಗ ಮೊದಲ ಕೆಲವು ಗುಂಡು ಲೆಕ್ಕಕ್ಕಿಲ್ಲ; ಗುಂಡಿಗೆ ಸವರಿದ ಮೇಣಕ್ಕೆ ನಳಿಗೆ ಒಗ್ಗಿಕೊಳ್ಳಬೇಕು. ಅವನ್ನು ಮರಳಿನ ದಿಬ್ಬಕ್ಕೆ ಹೊಡೆದು, ಆಮೇಲೆ ಕೆಂಪು ಡಬ್ಬಿಯ ಗುಂಡುಗಳನ್ನು ಹೊಸ ಹಾಳೆಗೆ ಬಿಟ್ಟಳು. ದುರ್ಬೀನಿನಲ್ಲಿ ನೋಡಿದರೆ ಎಲ್ಲ ಹೊಡೆತವೂ ಒಂದು ಅಂಗಿಗುಂಡಿಯ ಅಡಿಯಲ್ಲಿ ಮುಚ್ಚಿಹೋಗುವಷ್ಟು ಹತ್ತಿರ. ಭೇಷ್! ಹಾಗಾದರೆ ಉಳಿದೆರಡರಲ್ಲಿ ಯಾವುದೋ ಕೆಟ್ಟದ್ದಿರಬೇಕು ಎಂದುಕೊಂಡಳು. ಹಳದಿಯೂ ಹಾಗೇ ಹೋಯಿತು.

ಹಸಿರು ಡಬ್ಬಿ ತೆರೆಯುವಾಗ ಅವಳು ದೇವರನ್ನು ನೆನೆದಳು. ಇದಾದರೂ ಕೆಟ್ಟದಾಗಿರಲಪ್ಪಾ, ಚದುರಿಹೋಗಲಿ, ಹಾಳೆ ಜರಡಿಯಾಗಲಿ. ಗುಂಡು ಚದುರಲಿ ಎಂದು ಹರಕೆ ಹೊತ್ತವರು ಆ ರೇಂಜಿನಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಾರರು. ದೇವರು ಕೇಳಲಿಲ್ಲ. ಹಸಿರೂ ಒಂದೇ ತೂತು.

ರೇಂಜು ನೋಡಿಕೊಳ್ಳುವ ಮೀಸೆ ಮಾಮ ಬಂದು ಇಣುಕಿದ. ‘ಏನಕ್ಕಾ, ಮೂರೂ ಬಂಗಾರ! ಡಾಕ್ಟರಿಗೆ ಇನ್ನೇನು ಬೇಕಂತೆ?’

ಮೂರು ಬ್ಯಾಚು ಹೀಗೆ ಅವಳಿಜವಳಿ ಮಕ್ಕಳಂತೆ ಒಂದೇ ಸಮ ಬರುವುದುಂಟೆ ಎಂದು ಬೇರೆ ದಿನವಾಗಿದ್ದರೆ ಅವಳೇ ಕೇಳುತ್ತಿದ್ದಳು. ಅವತ್ತು ತಲೆ ಅತ್ತ ಓಡಲಿಲ್ಲ. ಅಣ್ಣ ಈಚೆಗೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಅವನ ಅಂಗಿಯ ಗುಂಡಿಯನ್ನು ಅತ್ತಿಗೆ ಹಾಕಿಕೊಡುವುದು, ಕೇಳಿದರೆ ಅತ್ತಿಗೆ ‘ನಿಮ್ಮಣ್ಣಂಗೆ ವಯಸ್ಸಾದ್ಮೇಲೆ ಮುದ್ದು ಜಾಸ್ತಿ’ ಎಂದು ಹಾರಿಸಿದ್ದು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಗುಂಡು ಸರಿಯಿದೆ, ಪಿಸ್ತೂಲು ಸರಿಯಿದೆ, ಕಣ್ಣು ಸರಿಯಿದೆ. ಉಳಿದದ್ದು ಅಣ್ಣನ ಕೈ.

ಇದನ್ನು ಅವನಿಗೆ ಹೇಳುವುದು ಹೇಗೆ? ಬರುವ ತಿಂಗಳ ಪಂದ್ಯ ಹಾಳಾಗಿ ಹೋಗಲಿ. ಆ ಕೈಯಿಂದಲೇ ಅವನು ಡಾಕ್ಟರು, ಆ ಕೈಯಿಂದಲೇ ಅವನು ಅವನು. ಹಲ್ಲು ಕಿತ್ತದ್ದೇ ಗೊತ್ತಾಗಲಿಲ್ಲ ಎಂದು ಊರೆಲ್ಲ ಹೊಗಳುವ ಕೈ. ಅದನ್ನು ಅವನಿಂದ ಕಿತ್ತುಕೊಳ್ಳುವ ಮಾತು ತನ್ನ ಬಾಯಿಂದಲೇ ಬರಬೇಕೇ? ಇಲ್ಲ, ಸಾಧ್ಯವೇ ಇಲ್ಲ. ಇನ್ನೊಂದಿಷ್ಟು ದಿನ ಗುಂಡಿನ ಮೇಲೇ ತಪ್ಪು ಇರಲಿ ಎಂದು ತೀರ್ಮಾನಿಸಿದಳು.

ಮೂರು ಹಾಳೆಯಲ್ಲಿ ಹಳದಿಯದನ್ನು ಮಾತ್ರ ಹೊರಗಿಟ್ಟು ಉಳಿದೆರಡನ್ನು ಮಡಿಸಿ ಬ್ಯಾಗಿನ ತಳಕ್ಕೆ ತುರುಕಿದಳು. ವೈಸಿನ ತಿರುಪನ್ನು ಕೊಂಚ ಸಡಿಲಿಸಿದಳು. ಹೊಸ ಹಾಳೆಗಳಿಗೆ ಕೆಂಪು ಡಬ್ಬಿ, ಹಸಿರು ಡಬ್ಬಿ ಮತ್ತೆ ಹೊಡೆದಳು. ಪ್ರತಿ ಹೊಡೆತಕ್ಕೂ ಪಿಸ್ತೂಲು ದವಡೆಯೊಳಗೆ ಮಿಸುಕಿತು, ಗುಂಡುಗಳು ದಿಕ್ಕಾಪಾಲಾದವು.

‘ತಿರುಪು ಲೂಸಾಗಿದೆ ಅಕ್ಕಾ’ ಎಂದ ಮೀಸೆ ಮಾಮ.

‘ಗೊತ್ತು ಮಾಮ. ಇರಲಿ ಬಿಡಿ.’

ಅವನು ಅವಳ ಮುಖವನ್ನೊಮ್ಮೆ ನೋಡಿ, ಮೀಸೆ ಸವರಿಕೊಂಡು, ನೀರು ಕುಡಿಯುವ ನೆವದಲ್ಲಿ ಆಚೆ ಹೋದ.

ಅಣ್ಣ ಬಂದಾಗ ಅವಳು ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದಳು. ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು ನೋಡಿ, ಹಾಗೇ ಹೇಳಿದಳು. ‘ಅಣ್ಣಾ, ನೀನು ಹೇಳಿದ್ದೇ ಸರಿ. ಹಳದಿ ಒಂದೇ ಗುಂಡು ಅನ್ನೋ ಹಾಗಿದೆ. ಇನ್ನೆರಡು ಬರೀ ಕಸ. ಇಷ್ಟು ದಿನ ನೀನು ಆ ಕಸದಲ್ಲೇ ಹೊಡೀತಿದ್ದೆ, ಗುರಿ ಇನ್ನೆಲ್ಲಿ ಸಿಗುತ್ತೆ?’

ಅಣ್ಣ ಒಂದೊಂದೇ ಹಾಳೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

‘ಪುಟ್ಟೀ, ಮೂರು ಡಬ್ಬಿಗೂ ನಾನು ತುಂಬಿದ್ದು ಒಂದೇ ಬ್ಯಾಚು.’

ಅವಳು ಥಟ್ಟನೆ ಡಬ್ಬಿಗಳತ್ತ ತಿರುಗಿದಳು.

‘ಪೇಷಂಟೂ ಇರಲಿಲ್ಲ, ಯಾರೂ ಇರಲಿಲ್ಲ. ಕ್ಲಿನಿಕ್ಕಿನ ಬಾಗಿಲು ಹಾಕ್ಕೊಂಡು ನನ್ನ ಕುರ್ಚೀಲಿ ನಾನೇ ಕೂತಿದ್ದೆ.’

ಅವಳಿಗೆ ಮೊದಲು ಬಂದದ್ದು ಸಿಟ್ಟು. ‘ನನ್ನನ್ನೇ ಪರೀಕ್ಷೆ ಮಾಡ್ದೆಯಾ? ನಾಚಿಕೆ ಆಗಲ್ವಾ ನಿಂಗೆ?’

‘ಇನ್ಯಾರನ್ನ ಕೇಳ್ಲಿ, ಹೇಳು. ನಿಮ್ಮತ್ತಿಗೇನ ಕೇಳ್ದೆ, ಭ್ರಮೆ ಅಂದ್ಳು. ನರ್ಸನ್ನ ಕೇಳ್ದೆ, ನಿದ್ದೆಗೆಟ್ಟಿದೀರಿ ಸಾರ್ ಅಂದ್ಳು. ನೀನೂ ಬಾಯಲ್ಲಿ ಹೇಳಲ್ಲ ಅಂತ ಗೊತ್ತಿತ್ತು. ಅದಕ್ಕೇ ವೈಸು ಹೇಳ್ಲಿ ಅಂತ ಬಿಟ್ಟೆ. ಮೂರೂ ಡಬ್ಬಿ ಒಂದೇ ಸಮ ಬಂದ್ರೆ ನೀನು ಬಂದು ‘ಗುಂಡಲ್ಲ ಅಣ್ಣ’ ಅಂತೀಯ, ಅಲ್ಲಿಗೆ ಮಾತು ಶುರುವಾಗುತ್ತೆ ಅಂದ್ಕೊಂಡಿದ್ದೆ.’ ಅವನು ಹಸಿರು ಡಬ್ಬಿಯ ಹಾಳೆಯನ್ನು ಎತ್ತಿ ಹಿಡಿದ. ಹಾಳೆಯ ಅಂಚು ಸಣ್ಣಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಗಾಳಿ ಇರಲಿಲ್ಲ. ‘ಕಬ್ಬಿಣದ ವೈಸಿಗೂ ಸುಳ್ಳು ಕಲಿಸಿಬಿಟ್ಟೆಯಲ್ಲೇ ಮಾರಾಯ್ತಿ.’

ಅವನು ನಗಲು ನೋಡಿದ, ಆಗಲಿಲ್ಲ. ಅವಳು ಅತ್ತೇಬಿಟ್ಟಳು. ತಾನು ಉಳಿಸಿದ್ದು ಅಣ್ಣನ ಮರ್ಯಾದೆಯನ್ನಲ್ಲ, ತನ್ನ ಹೆದರಿಕೆಯನ್ನು ಎಂದು ಅವಳಿಗೆ ನಿಚ್ಚಳವಾಗಿ ತಿಳಿಯಿತು.

‘ಪಿಸ್ತೂಲು ಹಾಳಾಗ್ಲಿ’ ಎಂದ ಅಣ್ಣ. ‘ಹಾಳೆ ತಾನೆ, ಎಲ್ಲಿ ತೂತಾದ್ರೇನು? ನಾಳೆ ಬೆಳಿಗ್ಗೆ ಒಂದು ಮಗು ಬರುತ್ತೆ. ಹಿಂದಿನ ಹಲ್ಲು ಹುಳುಕು, ಕೊರೀಬೇಕು. ಇಷ್ಟೇ ಇಷ್ಟು ಬಾಯಿ. ನಾಲಿಗೆ ಪಕ್ಕದಲ್ಲೇ ಡ್ರಿಲ್ಲು ಆಡುತ್ತೆ. ನೀನು ಹಳದಿ ಒಳ್ಳೇದು ಅಂದೆ. ನಾನು ನಂಬಿಬಿಟ್ಟಿದ್ರೆ?’

ಅವಳ ಅಳು ನಿಂತುಹೋಯಿತು.

‘ಕೊರೀಲಾ? ಹೇಳು.’

‘ಬೇಡ ಅಣ್ಣ.’

‘ಯಾಕೆ?’

ಅವಳು ಮೇಜಿನ ಮೇಲಿದ್ದ ಹಾಳೆಗಳನ್ನು ಮಡಿಸತೊಡಗಿದಳು. ಅಣ್ಣ ಒತ್ತಾಯ ಮಾಡಲಿಲ್ಲ. ಜೇಬಿನಿಂದ ಫೋನು ತೆಗೆದು, ಮಗುವಿನ ತಾಯಿಯ ನಂಬರು ಹುಡುಕಲು ಹೋದ. ಬೆರಳು ಬೇಕಾದಲ್ಲಿ ಊರದೆ ಪಕ್ಕದಲ್ಲೆಲ್ಲ ಬಿತ್ತು. ಕೊನೆಗೆ ಫೋನನ್ನು ಅವಳ ಕೈಗೆ ಕೊಟ್ಟ.

ಅವನು ಹೇಳಿದ ಹೆಸರು ಹುಡುಕಿ ಅವಳು ನಂಬರು ಒತ್ತಿದಳು. ನಾಳೆ ಬರಬೇಡಿ, ಡಾಕ್ಟರು ಬೇರೆ ಕಡೆಗೆ ಚೀಟಿ ಬರೆದುಕೊಡುತ್ತಾರೆ, ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎಂದಳು. ಆ ಕಡೆಯಿಂದ ತಾಯಿ ಗಾಬರಿಯಾಗಿ ಕೇಳಿದಳು, ‘ಅಯ್ಯೋ, ಯಾಕಕ್ಕಾ? ಬೇರೆಯವರ ಹತ್ರ ಇವನು ಬಾಯೇ ತೆಗೆಯಲ್ಲ. ಡಾಕ್ಟ್ರಿಗೆ ಏನಾಯ್ತು?’

ಊರಿಗೆ ಹೋಗುತ್ತಿದ್ದಾರೆ ಎನ್ನಬಹುದಿತ್ತು. ಜ್ವರ ಎನ್ನಬಹುದಿತ್ತು. ಎರಡೂ ಅವಳ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅಣ್ಣ ಎದುರಿಗೇ ಕೂತು ಅವಳನ್ನೇ ನೋಡುತ್ತಿದ್ದ.

‘ಅವರ ಕೈ ನಡುಗುತ್ತಮ್ಮ’ ಎಂದಳು.

ಅಣ್ಣ ಕಣ್ಣು ಮುಚ್ಚಿ, ಹೌದೆಂದು ತಲೆ ಆಡಿಸಿದ.