ಜೇಬಿನಲ್ಲಿ ಕೈಯಿಟ್ಟ ಸೂಜಿ ಸಾಹೇಬ

ಆತ ಅಹಂಕಾರಿ. ಇದು ಮೊದಲ ನೋಟದ ಮುನಿಸಲ್ಲ, ಆರು ವಾರ ಹತ್ತಿರದಿಂದ ನೋಡಿ ಕೊಟ್ಟ ತೀರ್ಪು. ಬೂದುಬಣ್ಣದ ಕೋಟಿನ ಎರಡೂ ಜೇಬುಗಳಲ್ಲಿ ಕೈ ಇಳಿಬಿಟ್ಟುಕೊಂಡು, ಆಸ್ಪತ್ರೆಯ ಬಾಗಿಲುಗಳನ್ನು ಭುಜದಿಂದ ತಳ್ಳುತ್ತಾ, ಹಿರಿಯ ವೈದ್ಯರು ಎದುರಾದರೂ ಗದ್ದವನ್ನಷ್ಟೇ ಕೊಂಚ ಎತ್ತಿ ನಡೆದುಬಿಡುತ್ತಿದ್ದ. ಕ್ಯಾನ್ಸರಿಗೆ ಕೀಮೋ ಮಾಡಿಸಿಕೊಂಡವರ ವಾಂತಿ, ಜೋಮು ತಗ್ಗಿಸಲು ಸೂಜಿ ಚುಚ್ಚಿ ಅಕ್ಯುಪಂಕ್ಚರ್ ಮಾಡುವುದು ಆತನ ಕೆಲಸ. ನರ್ಸುಗಳ ಬಾಯಲ್ಲಿ ಸೂಜಿ ಸಾಹೇಬ.

ನನ್ನ ತಂಗಿಗೆ ಇನ್ನೆರಡು ಕೀಮೋ ಬಾಕಿಯಿತ್ತು. ವಾಂತಿಯಿಂದ ಹೈರಾಣಾಗಿ, "ಸಾಕಕ್ಕಾ, ಇನ್ನು ನಾನು ಬರಲ್ಲ" ಎಂದು ಹಟ ಹಿಡಿದಿದ್ದಳು. ಜೀವಮಾನವಿಡೀ ರಸಾಯನಶಾಸ್ತ್ರ ಕಲಿಸಿದ ನನಗೆ ಸೂಜಿಯಲ್ಲಿ ನಂಬಿಕೆ ಇರಲಿಲ್ಲ. ಬೇರೆ ದಾರಿ ಕಾಣದೆ ಆತನ ಬಳಿ ಕರೆದೊಯ್ದೆ.

"ಗುಣ ಆಗುತ್ತಾ?" ಎಂದೆ.

"ವಾಂತಿ ಕಮ್ಮಿ ಆಗಬಹುದು, ಆಗದೇನೂ ಇರಬಹುದು. ಗಡ್ಡೆ ವಿಷಯ ನನ್ನನ್ನ ಕೇಳಬೇಡಿ."

"ಕೈ ಹೊರಗೆ ತೆಗೆದು ಮಾತಾಡಿದ್ರೆ ಏನು ಸವೆದು ಹೋಗುತ್ತಾ?"

"ಟೀಚರಾ ನೀವು?" ಎಂದನೇ ಹೊರತು ತೆಗೆಯಲಿಲ್ಲ. ಮಂಚದ ಮೇಲಿದ್ದ ತಂಗಿ ಕಿಸಕ್ಕನೆ ನಕ್ಕಳು.

ಸೂಜಿ ಹಾಕುವಾಗ ಮಾತ್ರ ಆ ಕೈಗಳು ಹೊರಬರುತ್ತಿದ್ದವು. ಮಣಿಕಟ್ಟಿನ ಗೆರೆಯಿಂದ ಅವಳದೇ ಮೂರು ಬೆರಳಿನಗಲ ಅಳೆದು, ಕೂದಲಿನಷ್ಟು ತೆಳ್ಳನೆಯ ಸೂಜಿ ಇಳಿಸಿ, ಮತ್ತೆ ಜೇಬಿಗೆ ಕೈ ಸೇರಿಸಿ, ಇಪ್ಪತ್ತು ನಿಮಿಷ ಗೋಡೆ ನೋಡುತ್ತಾ ನಿಲ್ಲುತ್ತಿದ್ದ. ಸಾಂತ್ವನದ ಒಂದು ಮಾತಿಲ್ಲ. ವಾಂತಿ ತಕ್ಕಮಟ್ಟಿಗೆ ತಗ್ಗಿತು. ಸೂಜಿಯಿಂದಲೋ ಹೊಸ ಮಾತ್ರೆಯಿಂದಲೋ, ನಾನು ಹೇಳಲಾರೆ. ಆದರೆ ನಾನು ಹಿಡಿದಾಗಲೆಲ್ಲ ಬೆಚ್ಚಿ ಕೈ ಕಿತ್ತುಕೊಳ್ಳುವವಳು ಆತ ಮುಟ್ಟಿದಾಗ ಸುಮ್ಮನಿರುತ್ತಿದ್ದಳು. ಇದು ನನಗೆ ಸೇರಲಿಲ್ಲ. "ನಿನ್ನ ಕೈ ಐಸು, ಅಕ್ಕಾ" ಎನ್ನುತ್ತಿದ್ದಳು. ಹಟಕ್ಕೊಂದು ನೆಪ ಎಂದುಕೊಂಡೆ.

ಮುಂದಿನ ಕೀಮೋದ ಬೆಳಿಗ್ಗೆ ಕಾರಿಡಾರಿನ ನಡುವೆ ನಿಂತುಬಿಟ್ಟಳು. ಮುಂಗೈ ಹಿಡಿದೆ, ಕೊಸರಿಕೊಂಡಳು.

"ಮಗು ಥರ ಆಡಬೇಡ್ವೇ" ಎಂದು ಗದರಿದೆ.

ಎದುರಿಗೆ ಬಂದ ಆತ ಜೇಬಿನಿಂದ ಅಂಗೈಯಗಲದ ರಬ್ಬರು ಚೀಲ ತೆಗೆದು ನನಗೆ ಕೊಟ್ಟ. ಒಳಗೆ ಬಿಸಿನೀರು.

"ಈ ಔಷಧಿ ತಗೊಂಡವರಿಗೆ ತಣ್ಣನೆ ಕೈ ತಾಗಿದ್ರೆ ಕರೆಂಟ್ ಹೊಡೆದ ಹಾಗೆ. ಮೊದಲು ಬಿಸಿ ಮಾಡ್ಕೊಳ್ಳಿ ಟೀಚರ್, ಆಮೇಲೆ ಹಿಡ್ಕೊಳ್ಳಿ."

ಬಾಗಿಲನ್ನು ಭುಜದಿಂದ ತಳ್ಳಿ ಹೊರಟುಹೋದ. ಇಂಥವರು ತಮ್ಮ ನಡತೆಗೆ ವಿವರಣೆ ಕೊಡುತ್ತಾ ಕೂರುವವರಲ್ಲ. ತಪ್ಪು ತಿಳಿದುಕೊಳ್ಳುವ ಕೆಲಸವನ್ನು ನಮಗೇ ಬಿಟ್ಟಿರುತ್ತಾರೆ. ನಾನು ಚೀಲವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ನಿಂತೆ. ತಂಗಿ ಕಾದಳು. ಆಮೇಲೆ ತಾನಾಗಿಯೇ ಕೈ ಚಾಚಿದಳು.