ಬೀಗವಿಲ್ಲದ ಒಂದು ಫೋಲ್ಡರ್

ಓದು ಬಲ್ಲ ಒಂಬೈನೂರು ಜನರಿಗೆ ಒಂದು ಸಾಲಿನ ಸೂಚನೆ ಓದಿಸುವುದಕ್ಕಿಂತ ಕೋಣನ ಮುಂದೆ ಕಿನ್ನರಿ ಬಾರಿಸುವುದು ಸುಲಭ. ಕೋಣ ಕೊನೇಪಕ್ಷ ತಲೆಯನ್ನಾದರೂ ಅಲ್ಲಾಡಿಸೀತು. ನಮ್ಮ ವಿಶ್ವವಿದ್ಯಾಲಯದವರು ಅದನ್ನೂ ಮಾಡುವುದಿಲ್ಲ.

ಇಡೀ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ದೊಡ್ಡ ಕಂಪ್ಯೂಟರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದು ನೆಲಮಾಳಿಗೆಯಲ್ಲಿ ಎರಡು ಏಸಿಗಳ ನಡುವೆ ಗುಂಯ್ ಅನ್ನುತ್ತ ನಿಂತಿದೆ. ಒಂಬೈನೂರು ಜನ ತಮ್ಮ ತಮ್ಮ ಕೋಣೆಯಲ್ಲೇ ಕೂತು ಅದರಲ್ಲಿ ಲೆಕ್ಕ ಹಾಕುತ್ತಾರೆ. ಅದರೊಳಗೆ ‘ಕೊಡುಗೆ’ ಎಂಬ ಒಂದು ಜಾಗವಿದೆ. ತಾವು ಬರೆದ ಪ್ರೋಗ್ರಾಂ ಬೇರೆಯವರಿಗೂ ಉಪಯೋಗವಾಗಲಿ ಎಂದು ಯಾರು ಬೇಕಾದರೂ ಅಲ್ಲಿ ತಂದಿಡಬಹುದು. ಒಳ್ಳೆಯ ಮನಸ್ಸು, ಇಲ್ಲವೆನ್ನುವುದಿಲ್ಲ. ಆದರೆ ಇಟ್ಟು ಹೋದವರು ತಿರುಗಿಯೂ ನೋಡುವುದಿಲ್ಲ. ಒಬ್ಬ ಮಹಾನುಭಾವ ಪಾಸಾಗಿ ಹೋಗಿ ಏಳು ವರ್ಷವಾಯಿತು, ಅವನ ಪ್ರೋಗ್ರಾಂ ಕೆಟ್ಟಾಗಲೆಲ್ಲ ಬೈಗುಳ ನನಗೆ. ಇನ್ನೊಬ್ಬ ಒಂದೇ ಪ್ರೋಗ್ರಾಮನ್ನು ‘ಕೊನೆಯದು’, ‘ನಿಜವಾಗಿ ಕೊನೆಯದು’, ‘ಇದೇ ಕೊನೆಯದು’ ಎಂದು ಮೂರು ಹೆಸರಿನಲ್ಲಿ ಇಟ್ಟಿದ್ದಾನೆ. ಅವನ ತಲೆ!

ಅದಕ್ಕೇ ನಾನು ಕಟ್ಟುನಿಟ್ಟು ಮಾಡಿದೆ. ಒಮ್ಮೆ ಇಟ್ಟ ಪ್ರೋಗ್ರಾಮನ್ನು ಮತ್ತೆ ಮುಟ್ಟುವಂತಿಲ್ಲ. ತಿದ್ದಿದರೆ, ತಿದ್ದಿದ್ದನ್ನು ಪಕ್ಕದಲ್ಲಿ ಹೊಸ ಫೋಲ್ಡರಿನಲ್ಲಿ ಇಡಬೇಕು. ಹಳೆಯದು ಹಾಗೇ ಇರಬೇಕು. ಏನು ಬದಲಾಯಿತು, ಯಾಕೆ ಬದಲಾಯಿತು ಎಂದು ಒಂದು ಚೀಟಿ ತುಂಬಬೇಕು. ಯಾರೂ ಕದ್ದು ಕೈಯಾಡಿಸಬಾರದೆಂದು, ಇಟ್ಟ ದಿನವೇ ನಾನು ಫೋಲ್ಡರಿಗೆ ಬೀಗ ಹಾಕುತ್ತೇನೆ. ನೂರ ಎಂಬತ್ತು ಫೋಲ್ಡರಿಗೆ ಹೀಗೆ ಬೀಗವಿದೆ. ಒಂದಕ್ಕೆ ಮಾತ್ರ ಇರಲಿಲ್ಲ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಗುರುವಾರ ಬೆಳಿಗ್ಗೆ ಜಲವಿಜ್ಞಾನ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಂದು ನನ್ನ ಬಾಗಿಲಲ್ಲಿ ನಿಂತಳು. ಕಣ್ಣು ಊದಿಕೊಂಡಿದ್ದವು.

“ಮೇಡಂ, ನಾನು ಸುಳ್ಳು ಲೆಕ್ಕ ಬರ್ದಿದೀನಂತೆ.”

“ಯಾರಂದಿದ್ದು?”

“ನಮ್ಮ ಗೈಡು. ನನ್ನ ಪ್ರಬಂಧದ ಲೆಕ್ಕನ ನಿನ್ನೆ ಅವರೇ ಇನ್ನೊಂದ್ಸಲ ಹಾಕಿ ನೋಡಿದ್ರು. ಒಂದೂ ತಾಳೆ ಆಗ್ಲಿಲ್ಲ. ಸೋಮವಾರ ಹತ್ತು ಗಂಟೆಗೆ ಸಮಿತಿ ಮುಂದೆ ನಿಲ್ಬೇಕು. ನಾನೇ ಕಟ್ಟಿ ಬರ್ದಿದೀನಿ ಅಂತ ತೀರ್ಮಾನ ಆದ್ರೆ ಹೆಸರು ಹೊಡೆದು ಹಾಕ್ತಾರೆ. ನಾಲ್ಕು ವರ್ಷದ ಕೆಲಸ, ಮೇಡಂ.”

“ಯಾವ ಪ್ರೋಗ್ರಾಮಲ್ಲಿ ಹಾಕಿದ್ದೆ?”

“ಹೊಳೆಲೆಕ್ಕ.”

ನಾನು ಕಂಪ್ಯೂಟರಿನ ಕಡೆ ತಿರುಗಿದೆ.

ಹೊಳೆಯ ನೀರನ್ನು ದಿನದಿನ ಅಳೆದು ಬರೆದ ಪಟ್ಟಿ ಕೊಟ್ಟರೆ, ಆ ವರ್ಷ ದಿನಕ್ಕೆ ಸರಾಸರಿ ಎಷ್ಟು ನೀರು ಹರಿಯಿತು ಎಂದು ಹೇಳುವ ಪ್ರೋಗ್ರಾಂ ಅದು. ತೆಗೆದು ನೋಡಿದೆ. ಹನ್ನೊಂದು ವರ್ಷ ಅಲ್ಲಾಡದಿದ್ದ ಫೈಲಿನ ಮೇಲೆ ಮೊನ್ನೆ ಮಂಗಳವಾರದ ತಾರೀಖು, ಮಧ್ಯಾಹ್ನ ಎರಡು ಇಪ್ಪತ್ತು. ಹೊಸ ಫೋಲ್ಡರಿಲ್ಲ, ಚೀಟಿಯಿಲ್ಲ. ಹಳೆಯದರ ಮೇಲೇ ಹೊಸದನ್ನು ಒತ್ತಿಬಿಟ್ಟಿದ್ದರು. ತಿದ್ದಿದವರ ಹೆಸರು ನೋಡಿ ಮೈಯೆಲ್ಲ ಉರಿದುಹೋಯಿತು. ನಮ್ಮ ಮಾವ!

“ಬೀಗ ಇರುತ್ತಲ್ಲಾ ಮೇಡಂ, ಹೆಂಗೆ ತಿದ್ದಿದ್ರು?” ಎಂದಳು ಹುಡುಗಿ.

“ಅದನ್ನ ನಾನು ನೋಡ್ತೀನಿ. ನೀನು ಹೋಗು, ಮೊದಲು ಏನಾದ್ರೂ ತಿನ್ನು” ಎಂದು ಸಾಗಹಾಕಿದೆ.

ಹೌದು, ಸ್ವಂತ ಮಾವ, ನನ್ನ ಗಂಡನ ತಂದೆ. ಮೂವತ್ತು ವರ್ಷ ಅದೇ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೊಳೆಲೆಕ್ಕ ಬರೆದವರೂ ಅವರೇ. ಈಗ ನಮ್ಮ ಊಟದ ಮೇಜಿನ ಕಿಟಕಿಯ ಕಡೆಯ ತುದಿಯನ್ನು ಕಾಯಂ ಹಿಡಿದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಆಫೀಸಿನಿಂದ ನಾನು ಕಳಿಸುವ ಸೂಚನೆಗಳನ್ನು ಅವರೂ ಓದುವುದಿಲ್ಲ. “ಮನೇಲೇ ಇದೀಯಲ್ಲಮ್ಮ, ಬಾಯಲ್ಲಿ ಹೇಳು” ಅನ್ನುತ್ತಾರೆ. ಬಾಯಲ್ಲಿ ಹೇಳುವ ಹೊತ್ತಿಗೆ ಕಿವಿಯ ಮೆಷಿನ್ ತೆಗೆದಿಟ್ಟಿರುತ್ತಾರೆ. ಹನ್ನೊಂದು ವರ್ಷದ ಹಿಂದೆ, ನಾನು ಬೀಗ ಹಾಕಲು ಶುರುಮಾಡಿದ ವಾರವೇ, “ಆಗೀಗ ಒಂದಕ್ಷರ ತಿದ್ದೋದು ಇರುತ್ತೆ. ಪ್ರತಿ ಸಲ ಸೊಸೆಗೆ ಅರ್ಜಿ ಹಾಕ್ಲಾ?” ಎಂದು ನಗುತ್ತ ಕೇಳಿದ್ದರು. ನಾನು ಹೊಸ ಸೊಸೆ. ಎದ್ದು ಹೋಗಿ ಬೀಗ ತೆಗೆದೆ. ಬೀಗವಿಲ್ಲದ ಫೋಲ್ಡರ್ ಅದೇ.

ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳಿದೆ.

“ಮಾವ, ಮಂಗಳವಾರ ಹೊಳೆಲೆಕ್ಕ ಮುಟ್ಟಿದ್ರಾ?”

“ಸಣ್ಣದೊಂದು ರಿಪೇರಿ ಕಣಮ್ಮ.”

“ಚೀಟಿ ಎಲ್ಲಿ?”

“ಒಂದು ಸಾಲಿಗೆ ಎಂಥಾ ಚೀಟಿ? ನೀನೊಳ್ಳೆ!”

“ಆ ಒಂದು ಸಾಲಿಗೆ ಅಲ್ಲೊಬ್ಬಳು ಹುಡುಗೀನ ಸುಳ್ಳಿ ಅಂತ ಹೊರಗೆ ಹಾಕ್ತಿದಾರೆ, ಮಾವ.”

ಅವರು ನನ್ನನ್ನೊಮ್ಮೆ ನೋಡಿ, ಕಿವಿಯ ಮೆಷಿನ್ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿಗೆ ಮಾತು ಮುಗಿಯಿತು. “ವಯಸ್ಸಾದೋರು, ಹೋಗ್ಲಿ ಬಿಡೇ” ಎಂದರು ನನ್ನ ಗಂಡ. ಈ ಮನೆಯಲ್ಲಿ ಎಲ್ಲರಿಗೂ ವಯಸ್ಸಾಗುತ್ತದೆ, ನನಗೊಬ್ಬಳಿಗೆ ಮಾತ್ರ ಕೆಲಸ ಹೆಚ್ಚುತ್ತದೆ.

ಶುಕ್ರವಾರ ಬ್ಯಾಕಪ್ಪಿನಿಂದ ಹಳೆಯ ಹೊಳೆಲೆಕ್ಕವನ್ನು ಹುಡುಕಿ ತೆಗೆದೆ. ಅದರಲ್ಲಿ ಹಾಕಿದರೆ ಹುಡುಗಿಯ ಲೆಕ್ಕ ಕೊನೆಯ ಅಂಕಿಯವರೆಗೂ ತಾಳೆಯಾಯಿತು. ಹೊಸದರಲ್ಲಿ ಹಾಕಿದರೆ ಎಲ್ಲವೂ ಮೇಲೆ ಹೋಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ. ನಿಜಕ್ಕೂ ಒಂದೇ ಸಾಲಿನ ವ್ಯತ್ಯಾಸ.

ಹೊಳೆ ಅಳೆಯುವವನೂ ಮನುಷ್ಯನೇ, ರಜೆ ಹಾಕುತ್ತಾನೆ, ಕಾಯಿಲೆ ಬೀಳುತ್ತಾನೆ. ಆ ದಿನದ ಮುಂದೆ ಪಟ್ಟಿ ಖಾಲಿ ಇರುತ್ತದೆ. ಹಳೆಯ ಪ್ರೋಗ್ರಾಂ ಆ ಖಾಲಿಯನ್ನು ಸೊನ್ನೆ ಎಂದು ಓದಿಕೊಳ್ಳುತ್ತಿತ್ತು. ಅಂದರೆ ಅಳೆಯುವವನಿಗೆ ಜ್ವರ ಬಂದ ದಿನ ಹೊಳೆಯೇ ಬತ್ತಿಹೋಯಿತು ಅಂತ ಲೆಕ್ಕ! ಹೊಸದು ಖಾಲಿಯನ್ನು ಖಾಲಿ ಎಂದೇ ಬಿಟ್ಟು, ಅಳೆದ ದಿನಗಳ ಸರಾಸರಿ ಮಾತ್ರ ತೆಗೆಯುತ್ತದೆ. ಸರಿಯಾದದ್ದು ಹೊಸದು. ಹನ್ನೊಂದು ವರ್ಷ ತಪ್ಪು ಹೇಳಿದ್ದು ಮಾವನ ಪ್ರೋಗ್ರಾಂ, ಸುಳ್ಳಿ ಅನ್ನಿಸಿಕೊಂಡವಳು ಅದನ್ನು ನಂಬಿದ ಹುಡುಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಎರಡು ಪ್ರೋಗ್ರಾಂ ಎರಡು ಉತ್ತರ ಕೊಡುತ್ತವೆ ಎಂದು ನಾನೇ ಹೋಗಿ ಸಮಿತಿಗೆ ತೋರಿಸಬಹುದಿತ್ತು. ಆದರೆ ಯಾವುದು ತಪ್ಪು, ಯಾಕೆ ತಪ್ಪು ಎಂದು ಬರೆದವರೇ ಹೇಳಬೇಕು. ನೆಲಮಾಳಿಗೆಯವಳ ಮಾತನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇನ್ನೊಂದು ಕಾರಣವೂ ಇತ್ತು. ನಾನು ಹೋದರೆ, ಬೀಗ ತೆಗೆದದ್ದು ಯಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

ಶನಿವಾರವೆಲ್ಲ ಮಾವ ಜ್ವರವೆಂದು ಹೊದ್ದು ಮಲಗಿದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡೂ ಲೆಕ್ಕದ ಹಾಳೆಗಳನ್ನು ಮಾವನ ಮುಂದಿಟ್ಟೆ. ಕಿವಿಯ ಮೆಷಿನನ್ನೂ ಎತ್ತಿ ಅವರ ಕೈಗೇ ಕೊಟ್ಟೆ. ಅವರು ಹಾಕಿಕೊಂಡರು. ಹಾಳೆ ನೋಡಲಿಲ್ಲ, ಎದುರಿನ ಗೋಡೆ ನೋಡಿದರು. ಅಲ್ಲಿ ಅವರಿಗೆ ಪ್ರಶಸ್ತಿಯಾಗಿ ಬಂದ ಹಿತ್ತಾಳೆಯ ಫಲಕವಿದೆ. ವಾರಕ್ಕೊಮ್ಮೆ ಅವರೇ ಒರೆಸುತ್ತಾರೆ.

“ಅದು ಬಂದಿದ್ದೇ ಈ ಲೆಕ್ಕಕ್ಕೆ ಕಣಮ್ಮ. ಹೊಳೆ ವರ್ಷದಿಂದ ವರ್ಷಕ್ಕೆ ಸೊರಗ್ತಿದೆ ಅಂತ ಬರ್ದಿದ್ದೆ. ಮೊನ್ನೆ ಸುಮ್ನೆ ಕೂತು ಹಳೇ ಪಟ್ಟಿ ತಿರುವಿ ಹಾಕ್ದಾಗ ಗೊತ್ತಾಯ್ತು. ಹೊಳೆ ಸೊರಗ್ತಿರ್ಲಿಲ್ಲ. ಅಳೆಯೋನು ವರ್ಷದಿಂದ ವರ್ಷಕ್ಕೆ ಜಾಸ್ತಿ ರಜ ಹಾಕ್ತಿದ್ದ.”

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವರ ಮುಖ ನೋಡಿ ನಗು ಬರಲಿಲ್ಲ.

“ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ” ಎಂದರು. “ಹಳೇದನ್ನ ಅಳಿಸಿಬಿಡಮ್ಮ. ಈಗ ಇರೋದು ಸರಿಯಾಗೇ ಇದೆಯಲ್ಲ. ಯಾರಿಗೂ ಗೊತ್ತಾಗಲ್ಲ.”

“ನಿಮಗೆ ಬೇಕಿದ್ದಿದ್ದು ಅದೇ ಅಲ್ವಾ? ಅದಕ್ಕೇ ಚೀಟಿ ಬರೀಲಿಲ್ಲ. ನಾನು ಮರೆವು ಅನ್ಕೊಂಡಿದ್ದೆ, ಮಾವ.” ನನ್ನ ದನಿ ಏರಿತು. “ನಾಳೆ ಹತ್ತು ಗಂಟೆಗೆ ಆ ಹುಡುಗಿ ಮಾನ ಹೋಗುತ್ತಲ್ಲ, ಅದು ಅಡಿಕೆಗೂ ಕಡೆಯಾ? ನಿಮ್ಮದು ಮೂವತ್ತು ವರ್ಷ ಆಗಿ ಮುಗೀತು. ಅವಳದ್ದು ಇನ್ನೂ ಶುರುವೇ ಆಗಿಲ್ಲ.”

ಗಂಡ ಒಳಗಿನಿಂದ ಬಂದವರು ನಮ್ಮಿಬ್ಬರನ್ನೂ ನೋಡಿ ಹಾಗೇ ಹಿಂದಕ್ಕೆ ಹೋದರು. ಮಾವ ಎಷ್ಟೋ ಹೊತ್ತು ಮೇಜಿನ ಮೇಲೆ ಬಿದ್ದ ಅನ್ನದ ಅಗುಳೊಂದನ್ನು ಬೆರಳಿನಿಂದ ತಳ್ಳುತ್ತ ಕೂತಿದ್ದರು.

“ಚೀಟಿ ತೆಗಿ” ಎಂದರು ಕೊನೆಗೆ.

ಲ್ಯಾಪ್‌ಟಾಪಿನಲ್ಲಿ ಚೀಟಿ ತೆರೆದುಕೊಟ್ಟೆ. ಎರಡೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಏನು ಬದಲಾಯಿತು: ಖಾಲಿ ದಿನಗಳನ್ನು ಸೊನ್ನೆ ಎಂದು ಎಣಿಸುವುದು ನಿಂತಿತು. ಯಾಕೆ: ಮೊದಲಿನಿಂದಲೂ ತಪ್ಪಾಗಿತ್ತು, ತಪ್ಪು ನನ್ನದು. ಯಾರಿಗೆ ತೊಂದರೆ: ಇದನ್ನು ಬಳಸಿದ ಎಲ್ಲರಿಗೂ, ನನ್ನ ಸ್ವಂತ ಲೇಖನಕ್ಕೂ. ಮಂಗಳವಾರಕ್ಕೆ ಮೊದಲು ಲೆಕ್ಕ ಹಾಕಿದವರು ಪ್ರಾಮಾಣಿಕವಾಗಿಯೇ ಹಾಕಿದ್ದಾರೆ. ಅಷ್ಟು ಬರೆದು, ಚೀಟಿಯ ಕೊನೆಯ ಸಾಲಿಗೆ ಬಂದು ಕೈ ನಿಲ್ಲಿಸಿದರು.

“ಇಲ್ಲೊಂದು ಉಳಿದಿದೆ ನೋಡಮ್ಮ. ಬೀಗ ತೆಗೆದವರು ಯಾರು ಅಂತ ಕೇಳುತ್ತೆ.”

ಆ ಚೀಟಿ ಮಾಡಿದವಳು ನಾನೇ. ಆ ಪ್ರಶ್ನೆ ಇಟ್ಟವಳೂ ನಾನೇ.

“ಅದು ಬಿಡಿ ಮಾವ, ಅದು ಬರೀ ಆಫೀಸಿನವರಿಗೆ. ಖಾಲಿ ಇದ್ರೂ ನಡೆಯುತ್ತೆ.”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

“ಖಾಲಿ ಬಿಟ್ರೆ ಸೊನ್ನೆ ಅಂತ ತಿಳ್ಕೋತಾರೆ ಕಣಮ್ಮ” ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹನ್ನೊಂದು ವರ್ಷ ಊರಿಗೆಲ್ಲ ನಿಯಮ ಹೇಳಿದ್ದೆ. ನನ್ನ ಹೆಸರು ಬರೆದೆ, ಯಾವಾಗಿನಿಂದ ತೆರೆದಿತ್ತು ಎಂದೂ ಬರೆದೆ. ಹಳೆಯದು, ಹೊಸದು ಎರಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಟ್ಟು ಎರಡಕ್ಕೂ ಬೀಗ ಹಾಕಿದೆ. ಚೀಟಿ ಸಮಿತಿಗೂ ಒಂಬೈನೂರು ಜನಕ್ಕೂ ಹೋಯಿತು. ಜನ್ಮದಲ್ಲಿ ಮೊದಲ ಸಲ, ಅಷ್ಟೂ ಜನ ಅದನ್ನು ಓದಿದರು.

ಸೋಮವಾರ ಹನ್ನೊಂದೂವರೆಗೆ ಹುಡುಗಿ ಬಂದಳು. ಕೈಯಲ್ಲಿ ಚೀಟಿಯ ಪ್ರತಿ ಇತ್ತು.

“ಸುಳ್ಳಿ ಅನ್ನೋದನ್ನ ವಾಪಸ್ ತಗೊಂಡ್ರು. ಆದ್ರೆ ಲೆಕ್ಕ ಎಲ್ಲಾ ಹೊಸದ್ರಲ್ಲಿ ಮತ್ತೆ ಮಾಡ್ಬೇಕಂತೆ. ಆರು ತಿಂಗಳು.” ಆಮೇಲೆ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. “ಇದು ನೀವೇನಾ ಮೇಡಂ? ಗುರುವಾರ ನಾನು ಕೇಳ್ದಾಗ್ಲೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

ಅವಳು ಚೀಟಿಯನ್ನು ನಾಲ್ಕಾಗಿ ಮಡಚಿದಳು. “ಆ ಮೇಷ್ಟ್ರಿಗೆ ಥ್ಯಾಂಕ್ಸ್ ಹೇಳ್ಬೇಕೋ, ಬೈಬೇಕೋ ಗೊತ್ತಾಗ್ತಿಲ್ಲ.”

“ಎರಡೂ ಮಾಡು. ಮನೇಲೇ ಇರ್ತಾರೆ.”

“ನಿಮಗೆ?”

“ನನಗೆ ಬೈದ್ರೆ ಸಾಕು” ಎಂದು ಕುರ್ಚಿ ಎಳೆದುಕೊಟ್ಟೆ. ಅವಳು ಕೂತು, ಉಸಿರೆಳೆದುಕೊಂಡು, ಶುರುಮಾಡಿದಳು.