ಚುಕ್ಕಿಯ ಕೆಳಗೆ

ಯಂತ್ರದ ಗುಂಯ್ ಒಂದು ಮಟ್ಟಕ್ಕೆ ಬಂದು ನಿಂತಿತು, ಇನ್ನು ಅದು ಇಳಿಯುವ ತನಕ ಕೆಲಸವಿಲ್ಲ, ಅದೇ ಕೆಟ್ಟದ್ದು, ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಯಾರದೋ ಸ್ವೆಟರು ಕುರ್ಚಿಗೆ ಜೋತುಬಿದ್ದಿದೆ — ಒಳಗೆ ಅಕ್ಕನ ರಕ್ತದ ತಿಳಿ ಗಿರಗಿರ ತಿರುಗುತ್ತಿದೆ, ಜೀವಕೋಶಗಳು ಹೊರಗೆಸೆಯುವ ಚೀಲಗಳು, ಎಕ್ಸೋಸೋಮ್‌ಗಳು, ಟ್ಯೂಬಿನ ತಳಕ್ಕೆ ಅಂಟುತ್ತಿವೆ, ಅಂಟಿದರೂ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅವು ಕೂರುವ ಜಾಗಕ್ಕೆ ಹೊರಗಿನಿಂದ ಮೊದಲೇ ಪೆನ್ನಿನಲ್ಲಿ ಕಪ್ಪು ಚುಕ್ಕಿ ಇಡುತ್ತೇವೆ, ಇಲ್ಲದಿರೋದಕ್ಕೆ ಗುರುತು ಹಾಕ್ತೀಯಲ್ಲೇ ಅಂದಿದ್ದಳು ಅಕ್ಕ, ಒಂದು ಕಾಲಕ್ಕೆ ಇದನ್ನು ಕಸ ಅಂತಿದ್ದರು, ಈಗ ಇದರಲ್ಲೇ ಅಂಡಾಶಯದ ಕ್ಯಾನ್ಸರಿನ ಸುಳಿವು ಹುಡುಕುತ್ತೇವೆ ಅಂದರೆ, ಕಸ ಕೆದಕೋಕೆ ಇಷ್ಟು ವರ್ಷ ಓದಿದ್ಯಾ, ಮನೇಲಿ ಒಂದು ದಿನ ಪೊರಕೆ ಮುಟ್ಟಿದವಳಲ್ಲ. ರೋಗಿಗಳ ಜೊತೆ ಹೋಲಿಸಲು ಆರೋಗ್ಯವಂತರ ರಕ್ತ ಸಾಲದೆ ಅವಳನ್ನು ಕರೆದಿದ್ದೆ, ತೋಳು ಚಾಚಿ ಕೂತು, ತಗೊಳ್ಳೇ, ಕಲ್ಲು ತಿಂದ್ರೂ ಅರಗೋ ಮೈ ಇದು — ಆಮೇಲೆ ಸೊಂಟದ ಗುಂಡಿ ಸಡಿಲಿಸಿಕೊಂಡು, ಗ್ಯಾಸು ಕಣೇ, ಈಚೆಗೆ ಎರಡು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತೆ. ನಾನು ಸೂಜಿ ನೋಡುತ್ತಿದ್ದೆ.

ಮೊನ್ನೆ ಆರೋಗ್ಯವಂತರ ಸಾಲಿನಲ್ಲಿ ಒಂದೇ ಒಂದು ಟ್ಯೂಬಿನ ಗೆರೆ ಪರದೆಯಲ್ಲಿ ರೋಗಿಗಳ ಗೆರೆಯಂತೆ ಬಂತು, ಲ್ಯಾಬು ನಡೆಸುವ ಮೇಡಂ ಅದಕ್ಕೆ ಪೆನ್ನು ತಾಗಿಸಿ, ಎಲ್ಲೋ ಬೆರಕೆ ಆಗಿದೆ ರೀ, ಇನ್ನೊಂದ್ಸಲ ಮಾಡಿ, ಮತ್ತೆ ಹೀಗೇ ಬಂದ್ರೆ ಬಿಟ್ಹಾಕಿ, ಸರಾಸರಿ ಕೆಡುತ್ತೆ, ಅವರಿಗೆ ಅದು ಬರೀ ನಂಬರು, ಅಕ್ಕನ ತೋಳಿನಿಂದ ರಕ್ತ ಎಳೆದವಳು ನಾನು. ಇದೇನು ರೋಗ ಹೇಳುವ ಪರೀಕ್ಷೆಯಲ್ಲ, ಇನ್ನೂ ಪ್ರಯೋಗ, ಇದನ್ನು ನಂಬಿ ಯಾವ ಡಾಕ್ಟರೂ ಹೊಟ್ಟೆ ಕೊಯ್ಯುವುದಿಲ್ಲ, ಸ್ಕ್ಯಾನ್ ಮಾಡಿಸು ಅಂದರೆ ಯಾಕೆ ಅಂತಾಳೆ, ಏನು ಹೇಳಲಿ, ಯಾರನ್ನು ಕೇಳಲಿ, ಮೇಡಂಗೆ ಸರಾಸರಿ, ಅಕ್ಕನಿಗೆ ಗ್ಯಾಸು — ಬೆರಕೆಯೇ ಆಗಿರಲಿ, ನನ್ನ ಕೈಯೇ ಹೊಲಸಾಗಿರಲಿ, ಕೆಲಸ ಕೆಟ್ಟಿರಲಿ ಅಂತ ಬೇಡಿಕೊಳ್ಳುವವಳು ಈ ಲ್ಯಾಬಿನಲ್ಲಿ ನಾನೊಬ್ಬಳೇ ಇರಬೇಕು.

ಗುಂಯ್ ಇಳಿಯುತ್ತಿದೆ, ಮುಚ್ಚಳ ತೆರೆದುಕೊಂಡಿತು, ಜೇಬಿನಲ್ಲಿ ಫೋನು ನಡುಗಿತು, ಅಕ್ಕ, ಏನೇ, ನನ್ನ ಕಸದಲ್ಲಿ ಚಿನ್ನ ಗಿನ್ನ ಸಿಕ್ತಾ, ನಾಳೆ ಬೆಳಿಗ್ಗೆ ರಜೆ ಹಾಕು ಅಕ್ಕ, ಒಂದು ಸ್ಕ್ಯಾನ್ ಮಾಡಿಸ್ಕೊಂಡು ಬರೋಣ, ನಾನೂ ಬರ್ತೀನಿ ಅಂದೆ, ಯಾಕೇ? — ಅಷ್ಟೇ, ಅದರ ಬೆನ್ನಿಗೆ ಒಂದು ಜೋಕೂ ಇಲ್ಲ, ಫೋನನ್ನು ಭುಜಕ್ಕೆ ಒತ್ತಿಕೊಂಡು ಟ್ಯೂಬನ್ನು ಬೆಳಕಿಗೆ ಹಿಡಿದಿದ್ದೇನೆ, ನೀರಿನಷ್ಟು ತಿಳಿ, ಏನೂ ಇಲ್ಲ, ಯಾಕೇ, ಹೇಳೇ, ಏನೂ ಕಾಣುವುದಿಲ್ಲ, ಕಪ್ಪು ಚುಕ್ಕಿ, ನಾನೇ ಇಟ್ಟ ಚುಕ್ಕಿ, ಚುಕ್ಕಿ —